ಗಂಟಲು ಪಳಗಿಸಿದರೆ ಹಳ್ಳಿ ದನಿ ಹೋಗುತ್ತಾ?

ವೇದಿಕೆ ಇಳಿದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಜನಪದ ಹಾಡೋಕೂ ಗಂಟಲಿಗೆ ತರಬೇತಿ ಬೇಕಾ? ಕಲಿತರೆ ಆ ಹಳ್ಳಿ ದನಿ ಹೋಗಿಬಿಡಲ್ವಾ?"

ಹೋಗಲ್ಲ. ನನ್ನ ದನಿ ಹೋಗಿದ್ದು ಕಲಿಯದೇ ಇದ್ದಾಗ.

ಬೆಂಗಳೂರಲ್ಲಿ ರಾಜ್ಯೋತ್ಸವ ಅಂದರೆ ನವೆಂಬರ್ 1 ಅಲ್ಲ, ಇಡೀ ನವೆಂಬರ್. ಇವತ್ತು ಲಗ್ಗೆರೆ, ನಾಳಿದ್ದು ಕಾಮಾಕ್ಷಿಪಾಳ್ಯ. ರಸ್ತೆ ಮಧ್ಯೆ ಪೆಂಡಾಲು, ಸೌಂಡ್ ಬಾಕ್ಸೆಲ್ಲ ಜನರ ಕಡೆಗೆ, ನಮ್ಮ ಕಡೆಗೆ ಮಾನಿಟರ್ ಒಂದೂ ಇಲ್ಲ. ತನ್ನ ದನಿ ತನಗೇ ಕೇಳದವರು ಗೊತ್ತಿಲ್ಲದೆಯೇ ಕಿರುಚುತ್ತಾರೆ. ಸಾಲದ್ದಕ್ಕೆ ಕೀಬೋರ್ಡಿನವನು ಹಿಂದಿನ ಗಾಯಕಿಯ ಸ್ಕೇಲಿನಲ್ಲೇ, ಅಂದರೆ ನನಗೆ ಎತ್ತರವಾಗುವ ಶ್ರುತಿಯಲ್ಲೇ, ಎತ್ತಿಕೊಂಡ. ಬಾಯಿಬಿಟ್ಟು ಹೇಳೋಕೆ ಸಂಕೋಚ, ನಾನೂ ಅಷ್ಟೆತ್ತರಕ್ಕೆ ದನಿ ಏರಿಸಿದೆ. ತಿಂಗಳ ಕೊನೆಗೆ ದನಿ ಗೊಗ್ಗರು.

ಇಎನ್‌ಟಿ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ತೋರಿಸಿದರು. ದನಿ ಹುಟ್ಟಿಸುವ ಎರಡು ಬಿಳಿ ಮಡಿಕೆ, ಎರಡರ ಅಂಚಿನಲ್ಲೂ ಎದುರುಬದುರಾಗಿ ಚಿಕ್ಕ ಊತ. ನಾವು ತಾರಸ್ಥಾಯಿ ಮುಟ್ಟಿದಾಗ ಅವು ಸೆಕೆಂಡಿಗೆ 400ಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿದುಕೊಳ್ಳುತ್ತವಂತೆ. ಮಾತು ಕಡಿಮೆ ಮಾಡಿ ಅಂದರು. "ಸರಿ" ಅಂತ ಪಿಸುಗುಟ್ಟಿದೆ. ಪಿಸುಮಾತೂ ಬೇಡ ಅಂದರು!

ಆಮೇಲೆ ಧ್ವನಿ ಚಿಕಿತ್ಸೆಯವರು ಕಲಿಸಿದ್ದು ಇಷ್ಟೇ: ಅರ್ಧ ಲೋಟ ನೀರಿಗೆ ಎರಡು ಬೆರಳಷ್ಟು ಸ್ಟ್ರಾ ಅದ್ದಿ, ಅದರಲ್ಲೇ 'ಊ' ಅಂತ ಕೆಳಗಿಂದ ಮೇಲಕ್ಕೆ ಜಾರುವುದು. ಬಾಯಿ ಕಿರಿದಾದಾಗ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ತಿರುಗಿ ಮಡಿಕೆಗಳು ಮೆತ್ತಗೆ ಕೂಡುತ್ತವೆ. ಅಡುಗೆಮನೆಯಲ್ಲಿ ಗುಳುಗುಳು ಸದ್ದು ಕೇಳಿ ಅಮ್ಮ, "ಏನೇ ಇದು, ಮಗು ಥರ" ಅಂತ ನಗೋರು. ಗಂಟಲಿಗೆ ಅಂತ ಅವರು ಕೊಡುವ ಮೆಣಸಿನ ಕಷಾಯಕ್ಕೆ ನಾನೂ ನಕ್ಕೆ. ಕುಡಿದದ್ದು ಅನ್ನನಾಳಕ್ಕೆ ಹೋಗುತ್ತೆ, ದನಿಪೆಟ್ಟಿಗೆಗಲ್ಲ. ಮಡಿಕೆಗೆ ತೇವ ಬರುವುದು ಮೈಯೊಳಗಿಂದ, ಅದು ಒಣಗದಿರಬೇಕಾದರೆ ದಿನವಿಡೀ ನೀರು ಕುಡಿಯುತ್ತಿರಬೇಕು.

ಹಾಗಾದರೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಯಾವ ಕ್ಲಾಸಿಗೆ ಹೋಗಿದ್ದರು ಅಂತ ಕೇಳ್ತೀರಿ. ಸರಿಯಾಗಿ ನೋಡಿ. ತಂಬೂರಿ ಹಿಡಿದವರು ಒಂದು ಸೊಲ್ಲು ಎಸೆಯುತ್ತಾರೆ, ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಅವರಿಗೊಂದು ಉಸಿರು. ನಡುವೆ ಮಾತಿನಲ್ಲೇ ಕಥೆ ಸಾಗುತ್ತೆ, ಗಂಟಲಿಗೆ ಬಿಡುವು. ಶ್ರುತಿ ಅವರ ಕಂಠಕ್ಕೆ ಒಗ್ಗಿದ್ದು. ರಾತ್ರಿಯಿಡೀ ಹಾಡಿಸುವುದು ಈ ಏರ್ಪಾಡು. ನಾವು ಆರ್ಕೆಸ್ಟ್ರಾಕ್ಕೆ ಬರುವಾಗ ಹಿಮ್ಮೇಳ ಬಿಟ್ಟುಬಂದೆವು, ಗಟ್ಟಿ ದನಿಯನ್ನು ಮಾತ್ರ ತಂದೆವು.

ಅಂದಹಾಗೆ, ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ ಕಷಾಯ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಈಗ ನಾನು ಮೊದಲು ಕೀಬೋರ್ಡಿನ ಹತ್ತಿರ ಹೋಗುತ್ತೇನೆ. "ಸ್ಕೇಲ್ ಎರಡು ಮನೆ ಇಳಿಸಪ್ಪ." "ಅಕ್ಕ, ಜೋಶ್ ಬರಲ್ಲ." "ಜೋಶ್ ನಾನು ತರ್ತೀನಿ, ನೀನು ಇಳಿಸು."