ಚಿಕ್ಕಬಳ್ಳಾಪುರದ ಚಳಿಗೆ ಪಾಮ್ ಬೆಳೆಸುವ ಹುಚ್ಚು: ಮೂರನೇ ಚಳಿಗಾಲ

ಈ ವಾರ ಬೆಳಿಗ್ಗೆ ಆರಕ್ಕೆ ಹಿತ್ತಲಿನ ಥರ್ಮಾಮೀಟರ್ 10 ಡಿಗ್ರಿ ತೋರಿಸಿತು. ಸ್ವೆಟರ್ ಹಾಕಿಕೊಂಡು, ಟಾರ್ಚ್ ಹಿಡಿದು ಹೋಗಿ ಮೊದಲು ನೋಡಿದ್ದು ವಿಂಡ್‌ಮಿಲ್ ಪಾಮ್‌ನ ಸುಳಿಯನ್ನು, ಅಂದರೆ ನಡುವೆ ಇನ್ನೂ ಬಿಚ್ಚದೆ ನಿಂತಿರುವ ಎಳೆ ಗರಿಯನ್ನು. ಅಮ್ಮ ಕಿಟಕಿಯಿಂದಲೇ "ಮಗೂಗೆ ಜ್ವರ ಬಂದಾಗ್ಲೂ ಇಷ್ಟು ಬೇಗ ಎದ್ದಿರ್ಲಿಲ್ಲ ನೀನು" ಅಂದರು. ನಿಜ, ಏನು ಹೇಳಲಿ.

ಸುಳಿಗೂ ಪಕ್ಕದ ಗರಿಯ ದಂಟಿಗೂ ಸೇರಿಸಿ ಮಾರ್ಕರ್ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆದಿದ್ದೆ. ಸುಳಿ ಬೆಳೆದರೆ ಅದರ ಮೇಲಿನ ಗೆರೆ ಮೇಲಕ್ಕೆ ಹೋಗುತ್ತದೆ, ದಂಟಿನ ಗೆರೆ ಅಲ್ಲೇ ಉಳಿಯುತ್ತದೆ. ಹತ್ತು ದಿನಕ್ಕೆ 3 ಮಿಲಿಮೀಟರ್ ಏರಿದೆ. ಕಮ್ಮಿಯೇ. ಆದರೆ ಹೋದ ವರ್ಷ ಇದೇ ಹೊತ್ತಿಗೆ ಈ ಗಿಡಕ್ಕೆ ಸುಳಿಯೇ ಇರಲಿಲ್ಲ.

ಹೊಸಬರಿಗೆ ಹಳೆ ಕಥೆ ಸ್ವಲ್ಪ. ಮನೆ ಕಟ್ಟಿದ ವರ್ಷ ಬಾಗಿಲ ಮುಂದೆ ಇಡೋಣ ಅಂತ ಲಿಪ್‌ಸ್ಟಿಕ್ ಪಾಮ್ ತಂದೆ. ಕೆಂಪು ಕಾಂಡ, ನೋಡೋಕೆ ಬಲು ಚೆನ್ನ. ನರ್ಸರಿಯವರು "ಎಲ್ಲಿ ಬೇಕಾದ್ರೂ ಬರುತ್ತೆ ಸಾರ್" ಅಂದಿದ್ದರು. ಅದು ಮಲೇಷ್ಯಾ, ಸುಮಾತ್ರಾ, ಬೋರ್ನಿಯೋ ಕಡೆಯ ಜೌಗು ಕಾಡಿನ ಗಿಡ ಅಂತ ಗೊತ್ತಾಗಿದ್ದು ಸತ್ತ ಮೇಲೆ. ಚಳಿ ಅಂದರೇನು ಅಂತಲೇ ಅದಕ್ಕೆ ಗೊತ್ತಿಲ್ಲ. ನಮ್ಮ ಒಣ ಗಾಳಿ, ಡಿಸೆಂಬರ್ ರಾತ್ರಿ, ಎರಡೂ ಸೇರಿ ಸಂಕ್ರಾಂತಿಯೊಳಗೆ ಮುಗಿಸಿಬಿಟ್ಟವು.

ಆ ಸಿಟ್ಟಿನಲ್ಲಿ ಚಳಿ ತಡೆಯುವ ಪಾಮ್‌ಗಳನ್ನೇ ಹುಡುಕಲು ಕೂತೆ. ಹುಡುಕುತ್ತಾ ಹೋದರೆ ಬೇರೆಯೇ ಲೋಕ. ಮೈನಸ್ 15 ಡಿಗ್ರಿವರೆಗೂ ತಡೆಯುತ್ತದೆ ಅನ್ನುವ ವಿಂಡ್‌ಮಿಲ್ ಪಾಮ್, ಅಂದರೆ ಟ್ರಾಕಿಕಾರ್ಪಸ್ ಫಾರ್ಚೂನಿ, ತಲೆ ಮೇಲೆ ಹಿಮ ಹೊತ್ತು ನಿಂತಿರುವ ಫೋಟೋಗಳು! ಚೀನಾದ ಗಿಡ. ಅದರ ಕಾಂಡದ ನಾರಿನಿಂದ ಅಲ್ಲಿಯವರು ಮಳೆಗೆ ಹೊದೆಯುವ ಗೊಪ್ಪೆಯಂಥದ್ದು, ಹಗ್ಗ, ಪೊರಕೆ ಎಲ್ಲ ಮಾಡುತ್ತಿದ್ದರಂತೆ. ಹೆಸರಿನಲ್ಲಿರುವ ಫಾರ್ಚೂನಿ ಅಂದರೆ ರಾಬರ್ಟ್ ಫಾರ್ಚೂನ್, ಚೀನಾದಿಂದ ಟೀ ಗಿಡಗಳನ್ನು ಕದ್ದು ಹಿಮಾಲಯದ ತಪ್ಪಲಿಗೆ ಸಾಗಿಸಿದ ಅದೇ ಮನುಷ್ಯ. ನಮ್ಮ ದೇಶದ್ದೇ ಒಂದು ನೆಂಟ ಗಿಡವೂ ಇದೆ, ಕುಮಾವ್ ಬೆಟ್ಟಗಳ ಟ್ರಾಕಿಕಾರ್ಪಸ್ ತಕಿಲ್, ಹಿಮ ಬೀಳುವ ಜಾಗದಲ್ಲೇ ಬೆಳೆಯುತ್ತದೆ. ಬೀಜ ಸಿಕ್ಕಿಲ್ಲ, ಇನ್ನೂ ಹುಡುಕುತ್ತಿದ್ದೇನೆ.

ಅಂತೂ ಎರಡನೇ ವರ್ಷ ಫೆಬ್ರವರಿಯಲ್ಲಿ ಮೂರು ಗಿಡ ನೆಟ್ಟೆ: ಒಂದು ವಿಂಡ್‌ಮಿಲ್, ಒಂದು ಬಿಸ್ಮಾರ್ಕಿಯಾ, ಒಂದು ಕೆಮರಾಪ್ಸ್. ಇನ್ನೇನು ಚಳಿಯ ಭಯ ಇಲ್ಲ ಅಂತ ಆರಾಮಾಗಿದ್ದೆ.

ಏಪ್ರಿಲ್ ಬಂತು.

ನಾನು ಮಾಡಿದ ದೊಡ್ಡ ತಪ್ಪು ಇದೇ. ಮೈನಸ್ 15 ಅನ್ನೋ ಅಂಕಿ ನೋಡಿ ಗಿಡ ಆರಿಸಿದೆ, ನಮ್ಮೂರಿನಲ್ಲಿ ನೀರು ಗಡ್ಡೆ ಕಟ್ಟುವ ಚಳಿಯೇ ಬರುವುದಿಲ್ಲ ಅನ್ನೋದನ್ನು ಮರೆತೆ. ಇಲ್ಲಿ 10 ಡಿಗ್ರಿ ತಡೆದರೆ ಸಾಕು, ಆದರೆ ಅದೇ ಗಿಡ 36 ಡಿಗ್ರಿ ಮಧ್ಯಾಹ್ನವನ್ನೂ ಸಾವಿರ ಅಡಿ ಆಳದ ಬೋರ್‌ವೆಲ್ಲಿನ ಗಡಸು ನೀರನ್ನೂ ತಡೆಯಬೇಕು, ಆ ಅಂಕಿಗಳನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ವಿಂಡ್‌ಮಿಲ್ ಗಿಡವನ್ನು ನಾನು ನೆಟ್ಟಿದ್ದು ಪಶ್ಚಿಮದ ಕಾಂಪೌಂಡ್ ಗೋಡೆ ಪಕ್ಕ. ಸಂಜೆ ಏಳಕ್ಕೂ ಆ ಗೋಡೆ ಮುಟ್ಟಿದರೆ ಬಿಸಿ. ಬೀಸಣಿಗೆಯಂಥ ಎಲೆಗಳು ತುದಿಯಿಂದ ಸುಟ್ಟ ಕಾಗದದ ಹಾಗೆ ಕಂದಿದವು. ಕಿತ್ತು ಬೇರೆ ಕಡೆ ಹಾಕೋಣ ಅಂದರೆ ಆಗಷ್ಟೇ ಬೇರು ಬಿಟ್ಟಿರುವ ಗಿಡ. ಕೊನೆಗೆ ನಾಲ್ಕು ಸರ್ವೆ ಕಂಬ ನೆಟ್ಟು ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಹಸಿರು ನೆಟ್ ಕಟ್ಟಿದೆ, ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿದೆ, ಟೆರೇಸಿನ ಮಳೆನೀರಿನ ಡ್ರಮ್ಮಿನಲ್ಲಿ ಉಳಿದಿದ್ದನ್ನೆಲ್ಲ ಅದಕ್ಕೇ ಹಾಕಿದೆ. ಮಳೆ ಹಿಡಿದ ಮೇಲೆ ಚೇತರಿಸಿಕೊಂಡಿತು.

ಬಿಸ್ಮಾರ್ಕಿಯಾ ಮಾತ್ರ ಏಪ್ರಿಲ್‌ನಲ್ಲಿ ನಗುತ್ತಾ ನಿಂತಿತ್ತು. ಮಡಗಾಸ್ಕರ್‌ನ ಒಣ ಹುಲ್ಲುಗಾವಲಿನದು, ಬಿಸಿಲು ಅದಕ್ಕೆ ತವರುಮನೆ. ಬೆಳ್ಳಿ ಬಣ್ಣದ ತಳಿ ಹಸಿರು ತಳಿಗಿಂತ ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ 30-40 ಸೈಟಿನವರು ದಯವಿಟ್ಟು ಆಸೆಪಡಬೇಡಿ. ಬೆಳೆದ ಮರದ ಹರವು 20 ಅಡಿ ಹತ್ತಿರ ಬರುತ್ತದೆ, ಗೇಟು ಮುಚ್ಚಿಹೋಗುತ್ತದೆ. ಒಮ್ಮೆ ನೆಲಕ್ಕೆ ಇಳಿಸಿದ ಮೇಲೆ ಬೇರು ಅಲುಗಾಡಿಸಿದರೆ ಮುನಿಸಿಕೊಳ್ಳುವ ಜಾತಿ ಬೇರೆ. ಕೆಮರಾಪ್ಸ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಮೆಡಿಟರೇನಿಯನ್ ಕಡೆಯದು, ಗಿಡ್ಡ, ಮುಳ್ಳು, ನಿಧಾನ, ತಂಟೆ ಇಲ್ಲ.

ಈಗ ಸುಳಿ ವಿಷಯ. ಹೋದ ವರ್ಷ ನವೆಂಬರ್ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿ ನಮ್ಮಲ್ಲಿ ನಾಲ್ಕು ದಿನ ಬಿಡದೆ ಜಿಟಿಜಿಟಿ. ಬಿಸಿಲೇ ಇಲ್ಲ. ಆಮೇಲೆ ಮೋಡ ಸರಿದು ಚಳಿ ಬಿತ್ತು. ಒಂದು ಭಾನುವಾರ ವಿಂಡ್‌ಮಿಲ್ ಸುಳಿ ಯಾಕೋ ಬಾಡಿದ ಹಾಗಿದೆಯಲ್ಲ ಅಂತ ಮೆಲ್ಲಗೆ ಎಳೆದರೆ ಸುಮ್ನೆ ಕೈಗೇ ಬಂತು. ಬುಡ ಕಂದು, ಕೊಳೆತ ವಾಸನೆ. ಇಂಥ ಒಂಟಿ ಕಾಂಡದ ಪಾಮ್‌ಗೆ ಇರುವುದು ಒಂದೇ ಬೆಳೆಯುವ ತುದಿ, ಬೇರೆ ಗಿಡಗಳ ಹಾಗೆ ಪಕ್ಕದಲ್ಲಿ ಕೊಂಬೆ ಒಡೆಯಲ್ಲ. ಅದು ಹೋದರೆ ಮರವೇ ಹೋದ ಹಾಗೆ. ಹೊಟ್ಟೆ ಉರಿದುಹೋಯಿತು.

ಸೋದರಮಾವ ತಿಪಟೂರಿನವರು, ತೆಂಗಿನ ತೋಟ. ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಇದು ನಮ್ ತೆಂಗಿಗೂ ಬರುತ್ತಲ್ಲೋ, ಸುಳಿ ಕೊಳೆ. ಚೀನಾ ಮರ ಆದ್ರೇನು, ಸುಳಿ ಸುಳೀನೇ. ಕೊಳೆತಿದ್ದನ್ನ ಪೂರ್ತಿ ತೆಗಿ, ಔಷಧಿ ಹಾಕು, ಮಳೆ ನೀರು ಇಳಿಯದಂಗೆ ಮೇಲೆ ಮಡಕೆ ಬೋರಲು ಹಾಕು."

ಅಷ್ಟೇ ಮಾಡಿದೆ. ಚಮಚದಲ್ಲಿ ಕೆರೆದು, ಗಟ್ಟಿ ಬಿಳಿ ಭಾಗ ಕಾಣುವವರೆಗೂ ತೆಗೆದೆ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಸುಳಿ ಗುಂಡಿಗೆ ಸುರಿದೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಮಡಕೆ ಭಾರ ಅನ್ನಿಸಿತು, ಅದಕ್ಕೆ 5 ಲೀಟರ್ ನೀರಿನ ಕ್ಯಾನ್ ತಳ ಕತ್ತರಿಸಿ, ಗಾಳಿಗೆ ತೂತು ಮಾಡಿ ಟೋಪಿ ಹಾಕಿದೆ. ಬೀದಿಯವರೆಲ್ಲ ಕೇಳಿದರು, ದೃಷ್ಟಿಗೆ ಕಟ್ಟಿದ್ದಾ ಅಂತ.

ಯೋಚಿಸಿ ನೋಡಿದರೆ ಕಾರಣ ಬರೀ ಚಳಿ ಅಲ್ಲ. ಚಳಿಗೆ ಬೆಳವಣಿಗೆ ನಿಂತಾಗ ಸುಳಿಯೊಳಗೆ ನಿಂತ ನೀರು ಅಲ್ಲೇ ಉಳಿಯುತ್ತದೆ, ಶಿಲೀಂಧ್ರಕ್ಕೆ ಅಷ್ಟು ಸಾಕು. ಹಿಮದಲ್ಲಿ ನಿಲ್ಲುವ ದೊಡ್ಡ ಮರದ ಕಥೆ ಬೇರೆ, ಎರಡು ಅಡಿಯ ಎಳೆ ಗಿಡದ ಕಥೆ ಬೇರೆ. ನಾನು ಬೇರೆ ನೀರು ಹಿಡಿದಿಡಲು ಅಂತ ಬೇಸಿಗೆಯಲ್ಲಿ ಮಾಡಿದ್ದ ಪಾತಿಯನ್ನು ಹಾಗೇ ಬಿಟ್ಟಿದ್ದೆ. ನಾಲ್ಕು ದಿನ ಬುಡ ಕೆಸರಿನಲ್ಲೇ ಇತ್ತು. ಈ ವರ್ಷ ದಸರಾ ಮುಗಿದ ಕೂಡಲೇ ಪಾತಿ ಒಡೆದು ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿದೆ, ಮಣ್ಣಿಗೆ ಗರಸು ಬೆರೆಸಿದೆ. ಮಳೆ ಮುನ್ಸೂಚನೆ ಬಂದ ತಕ್ಷಣ ಟೋಪಿ. ನೀರು ಹಾಕುವುದಾದರೆ ಬೆಳಿಗ್ಗೆ ಬಿಸಿಲು ಬಂದ ಮೇಲೆ, ಬುಡಕ್ಕೆ ಮಾತ್ರ.

ಟೋಪಿಯೊಳಗೆ ಹೊಸ ಸುಳಿ ಕಾಣಿಸಿದ್ದು ಫೆಬ್ರವರಿ ಕೊನೆಯಲ್ಲಿ. ಮೊದಲ ಎಲೆ ಕುಳ್ಳ, ಸೊಟ್ಟ, ಯಾರೋ ಕತ್ತರಿಯಲ್ಲಿ ತುದಿ ಕತ್ತರಿಸಿದ ಹಾಗೆ. ಎರಡನೆಯದು ಪರವಾಗಿಲ್ಲ. ಮೂರನೆಯದು ಸರಿಯಾದ ಬೀಸಣಿಗೆ.

ಗೊಬ್ಬರದ ಬಗ್ಗೆ ಒಂದು ಜಗಳ ಇದೆ ನನ್ನದು. ಹಳೆ ಗರಿ ಹಳದಿಯಾದ ಕೂಡಲೇ ಕತ್ತರಿಸುವುದು ನಮ್ಮ ಕಡೆ ಮಾಲಿಗಳ ಚಟ. ಪೊಟ್ಯಾಷ್ ಕಮ್ಮಿಯಾದಾಗ ಪಾಮ್ ಹಳೆ ಗರಿಯಿಂದ ಅದನ್ನು ಎಳೆದುಕೊಂಡು ಹೊಸ ಗರಿಗೆ ಕೊಡುತ್ತದೆ. ಕತ್ತರಿಸಿದರೆ ಅದರ ಬಾಯಿಂದ ಊಟ ಕಿತ್ತುಕೊಂಡ ಹಾಗೆ, ಆಮೇಲೆ ಮೇಲಿನ ಗರಿಯೂ ಹಳದಿ. ಪೂರ್ತಿ ಒಣಗಿ ಕಂದಾಗುವವರೆಗೂ ಬಿಡಿ. ಹಳೆ ಗರಿಯ ಅಂಚು ಹಳದಿ, ನಡುವೆ ಹಸಿರು ಇದ್ದರೆ ಅದು ಮೆಗ್ನೀಷಿಯಂ ಕೊರತೆ. ಹೊಸ ಗರಿಯೇ ಮುರುಟಿಕೊಂಡು ಬಂದರೆ ಮ್ಯಾಂಗನೀಸ್ ಕಡೆ ನೋಡಬೇಕು, ಸುಣ್ಣದಂಶದ ನೀರು ಹಾಕಿದ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದೇ ಕಷ್ಟ. ನಾನು ಸೆಪ್ಟೆಂಬರ್‌ನಲ್ಲಿ ಸಲ್ಫೇಟ್ ಆಫ್ ಪೊಟ್ಯಾಷ್, ಬೇವಿನ ಹಿಂಡಿ, ಒಂದು ಬುಟ್ಟಿ ಹಳೆ ಕೊಟ್ಟಿಗೆ ಗೊಬ್ಬರ ಕೊಟ್ಟೆ. ಯೂರಿಯಾ ಇಲ್ಲ. ಚಳಿಗೆ ಮುಂಚೆ ಎಳೆ ಚಿಗುರು ಯಾಕೆ ಬೇಕು, ಅಲ್ವಾ? ಗೊಬ್ಬರ ಪೂರ್ತಿ ಕಳಿತಿರಬೇಕು, ತಿಪ್ಪೆಯಿಂದ ಹಾಗೇ ತಂದರೆ ಕೊಂಬಿನ ದುಂಬಿಯ ಗೊಣ್ಣೆಹುಳುಗಳನ್ನೂ ನೀವೇ ಮನೆಗೆ ಕರೆದಂತೆ.

ಮೂಲೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದ ಒಂದು ಈಚಲು ಇದೆ. ಅದಕ್ಕೆ ಇವತ್ತಿನವರೆಗೂ ಒಂದು ಚೊಂಬು ನೀರು ಹಾಕಿಲ್ಲ. ವಿಂಡ್‌ಮಿಲ್ ಸುಳಿ ಕಳೆದುಕೊಂಡ ಡಿಸೆಂಬರ್‌ನಲ್ಲಿ ಅದು ಎರಡು ಗರಿ ಬಿಟ್ಟಿತು. "ಅದಕ್ಕೆ ಇವನು ಎರಡು ಸಾವಿರ ಕೊಟ್ಟ, ಇದು ಪುಕ್ಕಟೆ" ಅಂತ ಅಮ್ಮ ಬಂದವರಿಗೆಲ್ಲ ಎರಡನ್ನೂ ತೋರಿಸುತ್ತಾರೆ. ಗರಿಯ ಬುಡದ ಮುಳ್ಳು ಮಗುವಿನ ಕಣ್ಣಿನ ಎತ್ತರಕ್ಕೇ ಇದೆ, ಅದಷ್ಟೇ ತಲೆನೋವು. ಕೆಳಗಿನ ಮುಳ್ಳುಗಳನ್ನು ಮಾತ್ರ ದಪ್ಪ ಗ್ಲೌಸ್ ಹಾಕಿಕೊಂಡು ಕತ್ತರಿಸಿದ್ದೇನೆ.

ಮಾರ್ಚ್ ಮೊದಲ ವಾರ ನೆಟ್ ಮತ್ತೆ ಕಟ್ಟಬೇಕು, ಕಂಬ ಒಂದು ಗೆದ್ದಲು ತಿಂದಿದೆ, ಬದಲಾಯಿಸಬೇಕು. ಮಾರ್ಕರ್ ಗೆರೆ ಮಂಜಿಗೆ ಅಳಿಸುತ್ತಿದೆ. ನಿನ್ನೆ ಮಗಳು ತನ್ನ ನೈಲ್ ಪಾಲಿಶ್ ಕೊಟ್ಟಳು, ಈಗ ಸುಳಿ ಮೇಲೆ ಗುಲಾಬಿ ಗೆರೆ.