ಆರು ಕಯಾಕ್, ಆರು ಗಾಳ: ಕಡಲಲ್ಲಿ ಗುಂಪಾಗಿ ಮೀನು ಹಿಡಿಯಲು ಹೊರಡುವವರಿಗೆ

ಹೋದ ತಿಂಗಳು ನಾವು ಆರು ಜನ ಕಯಾಕ್‌ನಲ್ಲಿ (ಒಬ್ಬರೇ ಕೂತು ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಕಡಲಿಗಿಳಿದು ಗಾಳ ಹಾಕಿ ಬಂದೆವು. ನನ್ನನ್ನೂ ಸೇರಿಸಿ ಮೂವರಿಗೆ ಇದು ಅಭ್ಯಾಸ. ಇಬ್ಬರು ಕೆರೆಯಲ್ಲಿ ಮಾತ್ರ ಕಯಾಕ್ ಓಡಿಸಿದ್ದವರು. ಇನ್ನೊಬ್ಬ ಗಾಳದಲ್ಲಿ ಪಳಗಿದವನು, ಆದರೆ ಯಾವಾಗಲೂ ದಡದ ಬಂಡೆ ಮೇಲೆ ನಿಂತು ಹಾಕಿದವನು. ಐದು ತಾಸು ನೀರಲ್ಲಿದ್ದೆವು. ಅಷ್ಟರಲ್ಲಿ ಒಬ್ಬ ದೂರ ತೇಲಿ ಹೋದ, ಇನ್ನೊಬ್ಬಳು ಮಗುಚಿ ಬಿದ್ದಳು. ಎರಡೂ ಸಲ ಏನೂ ಅನಾಹುತ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಜನ ಜೊತೆಗಿದ್ದರೆ ಭಯವಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮೀನು ಕಚ್ಚಲು ಶುರುವಾದ ಹತ್ತು ನಿಮಿಷಕ್ಕೆ ಜೊತೆ ಅನ್ನುವುದೇ ಇರುವುದಿಲ್ಲ. ಒಬ್ಬೊಬ್ಬರ ಕಣ್ಣೂ ಅವರವರ ಗಾಳದ ಕೋಲಿನ ತುದಿಯಲ್ಲಿ. ಹಾಗಾಗಿ ಹಿಂದಿನ ಸಂಜೆಯೇ ಕೂತು ಜೋಡಿ ಮಾಡಿಕೊಂಡೆವು: ಮೂರು ಜೋಡಿ, ಪ್ರತಿ ಜೋಡಿಯಲ್ಲಿ ಒಬ್ಬ ಹಳಬ, ಒಬ್ಬ ಹೊಸಬ. ಜೋಡಿಯವನು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಗಾಳ ಎಸೆಯುವ ಮೊದಲು ಪ್ರತಿ ಸಲ ಒಮ್ಮೆ ತಲೆ ಎತ್ತಿ ಅವನನ್ನು ನೋಡಬೇಕು. ಇಷ್ಟೇ ನಿಯಮ. ಮಾಡಲು ಸುಲಭ, ಮೀನಿನ ಗುಂಗಿನಲ್ಲಿ ಮರೆಯಲು ಇನ್ನೂ ಸುಲಭ.

ದಿನ ಗೊತ್ತು ಮಾಡುವಾಗ ರಜೆಗಿಂತ ಮೊದಲು ಚಂದ್ರನನ್ನು ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಇಳಿತ ಎರಡೂ ಜೋರು, ಸೆಳೆತವೂ ಜೋರು. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಹೊಸಬರಿದ್ದರೆ ಆ ದಿನಗಳೇ ಸರಿ. ಹೆಚ್ಚಿನ ಕರಾವಳಿಗಳಲ್ಲಿ ಏರುವುದಕ್ಕೆ ಆರು ತಾಸಿಗೆ ಸ್ವಲ್ಪ ಜಾಸ್ತಿ, ಇಳಿಯುವುದಕ್ಕೂ ಅಷ್ಟೇ. ಆದರೆ ಆರೂ ತಾಸು ನೀರು ಒಂದೇ ಸಮ ಹರಿಯುವುದಿಲ್ಲ. ಒಟ್ಟು ನೀರನ್ನು 12 ಪಾಲು ಅಂತ ಇಟ್ಟುಕೊಂಡರೆ ಮೊದಲ ತಾಸಿನಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ 3, 3, ಆಮೇಲೆ 2, ಕೊನೆಗೆ 1. ಇದು ಅಂದಾಜಿನ ಲೆಕ್ಕ, ಆದರೂ ಕೆಲಸಕ್ಕೆ ಬರುತ್ತದೆ. ಅಂದರೆ ನಡುವಿನ ಎರಡು ತಾಸಿನಲ್ಲೇ ಅರ್ಧ ನೀರು ಹೋಗಿರುತ್ತದೆ. ಅವತ್ತು ಎಂಟಕ್ಕೆ ಪೂರ್ತಿ ಇಳಿತ ಅಂತ ಪಟ್ಟಿಯಲ್ಲಿತ್ತು. ನಾವು ಆರಕ್ಕೆ ಇಳಿದೆವು. ಹೋಗುವಾಗ ಇಳಿತದ ಕೊನೆಯ ಮೆಲ್ಲನೆಯ ಸೆಳೆತ, ಬರುವಾಗ ಉಬ್ಬರ ನಮ್ಮನ್ನು ದಡದ ಕಡೆಗೇ ತಳ್ಳುತ್ತಿತ್ತು. ಪಕ್ಕದಲ್ಲೇ ಒಂದು ಅಳಿವೆ ಇತ್ತು, ಅಲ್ಲಿ ಮೀನು ಜಾಸ್ತಿ ಅಂತ ಗೊತ್ತಿದ್ದೂ ಹೋಗಲಿಲ್ಲ. ಇಳಿಯುವ ನೀರು ಒಳಗೆ ಬರುವ ಅಲೆಗೆ ಎದುರಾದಾಗ ಅಳಿವೆ ಬಾಯಲ್ಲಿ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಅದು ಹೊಸಬರ ಜಾಗವಲ್ಲ.

ಗಾಳಿಯ ವಿಷಯ ಇದಕ್ಕಿಂತ ದೊಡ್ಡದು. ಬೆಳಗ್ಗೆ ಸಾಮಾನ್ಯವಾಗಿ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ದಡದ ಹತ್ತಿರ ಇದ್ದಾಗ ಅದು ಗೊತ್ತೇ ಆಗುವುದಿಲ್ಲ, ನೀರು ಕನ್ನಡಿ ಹಾಗೆ ಇರುತ್ತದೆ. ನಮ್ಮ ಬಂಡೆ ಗೆಳೆಯ ಮೋಸ ಹೋಗಿದ್ದು ಇದರಲ್ಲೇ. ಏಳೂವರೆ ಹೊತ್ತಿಗೆ ಅವನಿಗೆ ಒಂದು ದೊಡ್ಡ ಮೀನು ಕಚ್ಚಿತು, ಕಯಾಕ್ ಸಮೇತ ಎಳೆಯಲು ಶುರು ಮಾಡಿತು. ಬೆನ್ನ ಹಿಂದಿನಿಂದ ಗಾಳಿ, ಮುಂದಿನಿಂದ ಮೀನು. ಅವನು ತಲೆ ಎತ್ತುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು, ದಡದ ಮರಗಳು ಒಂದು ಗೆರೆಯಾಗಿದ್ದವು. ಲೆಕ್ಕ ಹಾಕಿ ನೋಡಿ, ತಾಸಿಗೆ ಒಂದೂವರೆ ಕಿಲೋಮೀಟರ್ ಸರಿದರೂ ಇಪ್ಪತ್ತು ನಿಮಿಷಕ್ಕೆ ಅರ್ಧ ಕಿಲೋಮೀಟರ್. ಅದನ್ನು ಗಾಳಿಗೆದುರಾಗಿ ಹುಟ್ಟು ಹಾಕಿ ವಾಪಸ್ ಬರಬೇಕು. ಆದರೆ ಅವನು ಒಬ್ಬನೇ ಇರಲಿಲ್ಲ. ಅವನ ಜೋಡಿಯವನು ತನ್ನ ಗಾಳ ಸುತ್ತಿಟ್ಟು ಪಕ್ಕದಲ್ಲೇ ಸರಿಯುತ್ತಾ ಹೋಗಿದ್ದ, ಸೀಟಿ ಊದಿ ನಮಗೂ ತಿಳಿಸಿದ್ದ. "ಇನ್ನು ಸಾಕು ಕಣೋ, ದಾರ ಕತ್ತರಿಸು" ಅಂದ. ಇವನು ಕತ್ತರಿಸಿದ. ಆ ಮೀನು ಹೋಯಿತಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಆದರೆ ಅವತ್ತಿನ ಅತ್ಯಂತ ಒಳ್ಳೆಯ ಕೆಲಸ ಅಂದರೆ ಅದೇ.

ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿತು ಅಂದರೆ ಗಾಳಿ ತಾಸಿಗೆ 12ರಿಂದ 19 ಕಿಲೋಮೀಟರ್ ಮುಟ್ಟಿದೆ ಅಂತ ಅರ್ಥ. ಹೊಸಬರಿರುವ ಗುಂಪು ಅಲ್ಲಿಗೇ ಹುಟ್ಟು ತಿರುಗಿಸಬೇಕು. ಯಾರು ತೀರ್ಮಾನ ಮಾಡುವುದು ಅಂತ ಅಲ್ಲಿ ಚರ್ಚೆ ಬೇಡ. ಒಬ್ಬರೇ ಒಬ್ಬರು ವಾಪಸ್ ಹೋಗೋಣ ಅಂದರೂ ಎಲ್ಲರೂ ಹೊರಡುವುದು ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು.

ಲೈಫ್ ಜಾಕೆಟ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ: ಹಾಕಿಕೊಂಡೇ ಇರಿ, ಹಿಂದೆ ಕಟ್ಟಿಡಬೇಡಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಾಗ ಕಿವಿಯವರೆಗೆ ಬಂದರೆ ಪಟ್ಟಿ ಸಡಿಲ ಇದೆ. ನೀರು 15 ಡಿಗ್ರಿಗಿಂತ ತಣ್ಣಗಿರುವ ಕಡೆ ಬಿಸಿಲು ಎಷ್ಟೇ ಇದ್ದರೂ ನೀರಿಗೆ ತಕ್ಕ ಬಟ್ಟೆ ಹಾಕಬೇಕು, ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ. ಫೋನು ಜಲನಿರೋಧಕ ಚೀಲದಲ್ಲಿದ್ದರೂ ಒದ್ದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ನಮ್ಮ ಹತ್ತಿರ ಎರಡು ವಿಎಚ್‌ಎಫ್ ರೇಡಿಯೊ (ಕಡಲಲ್ಲಿ ದೋಣಿಯವರು ಮಾತಾಡಲು ಬಳಸುವುದು) ಇತ್ತು, ಆಪತ್ತಿಗೆ ಕರೆಯುವುದು 16ನೇ ಚಾನೆಲ್‌ನಲ್ಲಿ. ಪರವಾನಗಿ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ಮೊದಲೇ ನೋಡಿಕೊಳ್ಳಿ. ಸೀಟಿಗೆ ಮಾತ್ರ ಬ್ಯಾಟರಿಯೂ ಬೇಡ, ಪರವಾನಗಿಯೂ ಬೇಡ. ಇನ್ನೊಂದು, ಕಯಾಕ್ ಹಿಂದೆ ಉದ್ದದ ಕೋಲಿಗೆ ಕಿತ್ತಳೆ ಬಾವುಟ ಕಟ್ಟಿ. ಕೂತಾಗ ನಮ್ಮ ತಲೆ ನೀರಿನಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ, ಸಣ್ಣ ಅಲೆಯ ಹಿಂದೆಯೇ ಮರೆಯಾಗುತ್ತೇವೆ. ಮೋಟಾರು ದೋಣಿಯವರಿಗೆ ನಾವು ಕಾಣುವುದಿಲ್ಲ ಅಂತಲೇ ಅಂದುಕೊಂಡು ಇರಬೇಕು.

ಈಗ ಮಗುಚಿದ ಕಥೆ. ಹಿಂದಿನ ದಿನ ಎದೆಮಟ್ಟ ನೀರಿನಲ್ಲಿ ಆರೂ ಜನ ಬೇಕೆಂದೇ ಬಿದ್ದು ಹತ್ತಿದ್ದೆವು. ನಮ್ಮದು ಮೇಲೆ ಕೂರುವ ಥರದ ಕಯಾಕ್, ನೀರು ತಾನೇ ಸೋರಿಹೋಗಲು ತೂತುಗಳಿರುತ್ತವೆ, ಹಾಗಾಗಿ ಹತ್ತಿದರೆ ಮುಗಿಯಿತು. ಹತ್ತುವ ಕ್ರಮ ಹೀಗೆ: ಕಯಾಕ್ ನೆಟ್ಟಗೆ ಮಾಡಿ, ಆಚೆ ಅಂಚು ಹಿಡಿದು, ಕಾಲು ಬಡಿಯುತ್ತಾ ದೇಹವನ್ನು ನೀರಿನ ಮೇಲೆ ಮಟ್ಟಸಕ್ಕೆ ತಂದು, ಹೊಟ್ಟೆ ಮೇಲೆ ಜಾರಿ ಅಡ್ಡ ಮಲಗಬೇಕು. ಆಮೇಲೆ ಹೊರಳಿ ಕುಂಡೆ ಊರಬೇಕು, ಕಾಲು ಕೊನೆಗೆ. ತೋಳಿನ ಬಲದಿಂದ ಗೋಡೆ ಹತ್ತಿದಂತೆ ಹತ್ತಲು ಹೋದರೆ ಕಯಾಕ್ ಮತ್ತೆ ಮೈಮೇಲೇ ಬರುತ್ತದೆ. ಮರುದಿನ ಬಿದ್ದವಳು ಕೆರೆಯಲ್ಲಿ ಕಲಿತ ನಮ್ಮ ಗೆಳತಿ. ಮೀನಿನ ಬಾಯಿಂದ ಗಾಳ ಬಿಡಿಸಲು ಪಕ್ಕಕ್ಕೆ ಬಾಗಿದಳು, ತಲೆ ಕಯಾಕ್ ಅಂಚು ದಾಟಿತು, ಅಷ್ಟೇ. ನಾನು ಅವಳ ಜೋಡಿ. ಹೋಗಿ ನನ್ನ ಕಯಾಕನ್ನು ಅವಳದಕ್ಕೆ ಒತ್ತಿ ಆಚೆ ಬದಿ ಗಟ್ಟಿಯಾಗಿ ಹಿಡಿದೆ. ಮೊದಲ ಸಲ ಹತ್ತಲಾಗಲಿಲ್ಲ. ನೋಡಿದರೆ ಜಾಕೆಟ್‌ನ ಮುಂದಿನ ಜೇಬಿನಲ್ಲಿ ಇಕ್ಕಳ, ಗಾಳದ ಡಬ್ಬಿ ಎಲ್ಲ ತುಂಬಿಕೊಂಡಿದ್ದು ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಅವನ್ನು ಕಿತ್ತು ನನ್ನ ಕೈಗೆ ಕೊಟ್ಟಳು, ಎರಡನೇ ಸಲ ಹತ್ತಿದಳು. ಹಿಂದಿನ ದಿನ ಅಭ್ಯಾಸ ಮಾಡುವಾಗ ಜೇಬು ಖಾಲಿ ಇತ್ತು, ಅದಕ್ಕೇ ಗೊತ್ತಾಗಿರಲಿಲ್ಲ. ನೀವು ಅಭ್ಯಾಸ ಮಾಡುವಾಗ ಹೊರಡುವ ದಿನ ಏನೇನು ತುಂಬಿಕೊಳ್ಳುತ್ತೀರೋ ಅದೆಲ್ಲ ತುಂಬಿಕೊಂಡೇ ಬೀಳಿ. ಕೋಲು, ಹುಟ್ಟು ಎರಡಕ್ಕೂ ಹಗ್ಗ ಕಟ್ಟಿದ್ದರಿಂದ ಅವಳದ್ದೇನೂ ಕಳೆಯಲಿಲ್ಲ.

ಲಂಗರು ಹಾಕುವವರು ಹಗ್ಗವನ್ನು ಯಾವತ್ತೂ ನಡುಬದಿಗೆ ಕಟ್ಟಬೇಡಿ. ಸೆಳೆತ ಅಡ್ಡ ಹೊಡೆದರೆ ಆ ಬದಿ ನೀರೊಳಗೆ ಹೋಗಿ ಮಗುಚುತ್ತದೆ. ಮೂತಿಗೋ ಹಿಂಬದಿಗೋ ಬರುವಂತೆ ಇರಲಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಇರಲಿ, ಚಾಕು ಕೈಗೆಟುಕಲಿ.

ಗುಂಪಿನ ಖುಷಿ ಉಳಿಯಬೇಕಾದರೆ ಇನ್ನೂ ಕೆಲವು ಇವೆ. ಪಕ್ಕದವನ ದಾರದ ಮೇಲೆ ದಾಟಿಸಿ ಎಸೆಯಬಾರದು. ಹಿಂದಕ್ಕೆ ಬೀಸುವ ಮೊದಲು ತಿರುಗಿ ನೋಡಬೇಕು, ಗಾಳ ಯಾರ ಕೆನ್ನೆಗೂ ಸಿಗಬಾರದು ಅಲ್ವಾ. ಎಲ್ಲರಿಗಿಂತ ನಿಧಾನ ಇರುವವರ ವೇಗವೇ ಎಲ್ಲರ ವೇಗ. ನಮಗೆ ತಾಸಿಗೊಮ್ಮೆ ಸೀಟಿ. ಎಲ್ಲರೂ ಗಾಳ ಎತ್ತಿ, ಕಯಾಕ್‌ಗಳನ್ನು ಸಾಲಾಗಿ ಒಂದಕ್ಕೊಂದು ಅಂಟಿಸಿ, ಪಕ್ಕದ ಕಯಾಕ್ ಮೇಲೆ ಹುಟ್ಟು ಅಡ್ಡ ಇಟ್ಟು ಕೂರುತ್ತಿದ್ದೆವು. ಆರು ಕಯಾಕ್ ಸೇರಿದರೆ ಒಂದು ಚಾಪೆ ಹಾಗೆ, ಅಲುಗಾಡುವುದೇ ಇಲ್ಲ. ನೀರು ಕುಡಿದು, ಯಾರಿಗೆ ಏನು ಸಿಕ್ಕಿತು, ಯಾವ ಎರೆಗೆ, ಎಷ್ಟು ಆಳದಲ್ಲಿ ಅಂತ ಮಾತು. ಒಂಬತ್ತರವರೆಗೂ ಒಂದೂ ಸಿಗದೆ ಸಪ್ಪಗಿದ್ದವನಿಗೆ ಇನ್ನೊಬ್ಬ ತನ್ನ ಎರೆ ಕೊಟ್ಟ, ತಾನು ಕೂತ ಜಾಗವನ್ನೂ ಬಿಟ್ಟುಕೊಟ್ಟ. ಅವನ ಕೋಲು ಬಾಗಿದಾಗ ಆರೂ ಜನ ಒಟ್ಟಿಗೆ ಕೂಗಿದೆವು.

ಮೀನು ಬಿಡಿಸುವಾಗ ಅದನ್ನು ಎರಡು ಕಾಲಿನ ನಡುವೆ ತಂದುಕೊಳ್ಳಿ, ನೀವು ಅದರ ಕಡೆ ಬಾಗಬೇಡಿ. ಉದ್ದ ಮೂತಿಯ ಇಕ್ಕಳ ಬೇಕೇ ಬೇಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನಿಗೂ ಸುಲಭ, ನಿಮ್ಮ ಬೆರಳಿಗೂ. ಗುರುತು ಸಿಗದ ಮೀನು, ತೊರಕೆ (ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು) ಇಂಥವು ಬಂದರೆ ಕಯಾಕ್ ಒಳಗೆ ತರಲೇಬೇಡಿ, ದಾರ ಕತ್ತರಿಸಿ. ಸಣ್ಣವನ್ನು ಒದ್ದೆ ಕೈಯಲ್ಲಿ ಹಿಡಿದು ಬಿಟ್ಟೆವು.

ದಡಕ್ಕೆ ಬರುವಾಗ ಅವಸರ ಮಾಡಬೇಡಿ. ಅಲೆ ಮುರಿಯುವ ಜಾಗದ ಹೊರಗೇ ನಿಂತು ಕೋಲು, ಗಾಳ ಎಲ್ಲ ಕಟ್ಟಿಟ್ಟೆವು. ಮೊದಲು ಒಬ್ಬ ಹಳಬ ಹೋದ, ಆಮೇಲೆ ಒಬ್ಬೊಬ್ಬರೇ, ಒಬ್ಬರು ಪೂರ್ತಿ ಮೇಲೆ ಹೋದ ಮೇಲೆ ಇನ್ನೊಬ್ಬರು. ಇಳಿದವರು ಕಯಾಕ್‌ಗೂ ದಡಕ್ಕೂ ನಡುವೆ ನಿಲ್ಲಬಾರದು. ಹಿಂದಿನಿಂದ ಬರುವ ಅಲೆ ಅದನ್ನು ಎತ್ತಿ ನೇರ ಮಂಡಿಗೆ ಹೊಡೆಯುತ್ತದೆ.

ಹೊರಡುವ ಮೊದಲು ಎಲ್ಲಿ ಇಳಿಯುತ್ತೇವೆ, ಎಷ್ಟು ಜನ, ಯಾವ ಬಣ್ಣದ ಕಯಾಕ್ ಅಂತ ದಡದಲ್ಲಿದ್ದ ಒಬ್ಬರಿಗೆ ಬರೆದು ಕೊಟ್ಟಿದ್ದೆವು. ಹನ್ನೆರಡಕ್ಕೆ ನಮ್ಮ ಫೋನು ಬರದಿದ್ದರೆ ರಕ್ಷಣಾ ಪಡೆಗೆ ತಿಳಿಸಬೇಕಾದವರು ಅವರು. ಹನ್ನೊಂದು ದಾಟಿ ಹತ್ತು ನಿಮಿಷ ಆಗಿತ್ತು. ಕೈ ಒರೆಸಿಕೊಂಡು ಮೊದಲು ಅವರಿಗೆ ಫೋನು ಮಾಡಿ "ಆರೂ ಜನ ಬಂದೆವು" ಅಂದೆವು. ಆಮೇಲೆ ಮೀನು ಎಣಿಸಲು ಕೂತೆವು.