ಅಮಿನಿಯ ಹಳೆ ಬಾಕಿ

ಮಂಗಳೂರಿನ ಹಳೆ ಬಂದರಿನಲ್ಲಿ ನನ್ನ ಸೋದರಮಾವನಿಗೆ ನಲವತ್ತು ವರ್ಷ ಅಕ್ಕಿ ಅಂಗಡಿಯಿತ್ತು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಲಕ್ಷದ್ವೀಪದವರು. ಧಕ್ಕೆಯಲ್ಲಿ ಮಂಜಿ ಎಂಬ ಸರಕು ದೋಣಿಗಳನ್ನು ಕಟ್ಟಿಹಾಕಿ ಅಕ್ಕಿ, ಈರುಳ್ಳಿ, ಹಂಚು, ಜಲ್ಲಿ, ಕೊನೆಗೆ ಆಡುಗಳನ್ನೂ ಹೇರಿಕೊಂಡು ಹೋಗುತ್ತಿದ್ದರು. ಮಾವ ಮಾತ್ರ ಒಮ್ಮೆಯೂ ಅಳಿವೆ ದಾಟಿದವರಲ್ಲ. ಹಳೆಯ ಗಿರಾಕಿಯೊಬ್ಬರ ಮಗ ಅಲ್ಲಿಯ ಅಮಿನಿ ದ್ವೀಪಕ್ಕೆ ಕರೆದಾಗ ಅವರಿಗೆ ಎಪ್ಪತ್ತೆರಡು. "ನೀನೂ ಬಾ, ಚೀಲ ಹಿಡಿಯಲು ಒಬ್ಬರು ಬೇಕು" ಎಂದರು. ಅನುಮತಿ ಪತ್ರಕ್ಕೆ ಓಡಾಡಿದ್ದು ಬೇರೆಯೇ ಪುರಾಣ, ಇಲ್ಲಿ ಬೇಡ.

ಸಣ್ಣ ಹಡಗು. ಬೆಂಗ್ರೆಯ ಮನೆಗಳನ್ನು ಬೆರಳು ಮಾಡಿ ತೋರಿಸುತ್ತಿದ್ದ ಮಾವ, ಅಳಿವೆ ದಾಟಿದ ಮೇಲೆ ಲಿಂಬೆಹಣ್ಣನ್ನು ಮೂಗಿಗೆ ಹಿಡಿದು ಕೂತವರು ಏಳು ಗಂಟೆ ಬಾಯಿ ಬಿಡಲಿಲ್ಲ.

ಹಡಗು ದಡದಿಂದ ದೂರವೇ ನಿಂತಿತು. ಪಕ್ಕದ ಬಾಗಿಲಿನಿಂದ ದೋಣಿಗೆ ಇಳಿಯಬೇಕು. ದೋಣಿ ಅಲೆಯೊಂದಿಗೆ ಮೇಲೆದ್ದ ಗಳಿಗೆಯಲ್ಲೇ ಕಾಲಿಡಬೇಕು. ತಡವಾದರೆ ಅದು ಆಳೆತ್ತರ ಕೆಳಗಿರುತ್ತದೆ. ಇಬ್ಬರು ಹುಡುಗರು ಮಾವನ ಎರಡೂ ರಟ್ಟೆ ಹಿಡಿದು, ಅಕ್ಕಿ ಮೂಟೆ ಇಳಿಸಿದಂತೆ ಇಳಿಸಿದರು.

ಊರೆಂದರೆ ತೆಂಗಿನ ತೋಟದೊಳಗಿನ ಓಣಿಗಳು, ಹವಳದ ಕಲ್ಲಿನ ಗೋಡೆಗಳು. ಉದ್ದ ಮೂರು ಕಿಲೋಮೀಟರೂ ಇಲ್ಲ. 16ನೇ ಶತಮಾನದಲ್ಲಿ ನುಗ್ಗಿ ಬಂದ ಪೋರ್ಚುಗೀಸರನ್ನು ಇಲ್ಲಿಯವರು ವಿಷವಿಕ್ಕಿ ಮುಗಿಸಿದರೆಂಬ ಕತೆಯನ್ನು ಮನೆಯವರು ಚಹಾ ಕೊಡುತ್ತಲೇ ಹೇಳಿದರು. ಮಾವ ಲೋಟದೊಳಗೆ ಒಮ್ಮೆ ಇಣುಕಿದರು.

"ನಾವೂ ನಿಮ್ಮ ಜಿಲ್ಲೆಯವರೇ ಆಗಿದ್ದೆವು" ಎಂದರು ಅವರು. ಕಣ್ಣೂರಿನ ರಾಣಿ ಅರಕ್ಕಲ್ ಬೀಬಿಯ ಆಡಳಿತ ಸಾಕಾಗಿ ಅಮಿನಿಯವರು ಮಂಗಳೂರಿಗೇ ಬಂದು ಟಿಪ್ಪುವಿಗೆ ಮೊರೆಯಿಟ್ಟಿದ್ದರಂತೆ. ಟಿಪ್ಪು ಅಮಿನಿ ಮತ್ತು ಅಕ್ಕಪಕ್ಕದ ದ್ವೀಪಗಳನ್ನು ತನ್ನದಾಗಿಸಿಕೊಂಡ. 1799ರಲ್ಲಿ ಅವನು ಮಡಿದ ಮೇಲೆ ಬ್ರಿಟಿಷರ ಪಾಲಾಗಿ ನಮ್ಮ ಜಿಲ್ಲೆಗೆ ಸೇರಿದವು. ಇಲ್ಲಿಯ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಅಮಿನಿ ನಮ್ಮ ಜಿಲ್ಲೆಯಿಂದ ಬಿಟ್ಟುಹೋದದ್ದು 1956ರ ನವೆಂಬರ್ 1ರಂದು. ನಾವು ಕನ್ನಡ ನಾಡಿಗೆ ಸೇರಿದ ದಿನವೇ! ಪ್ರತಿವರ್ಷ ಅಂದು ಬಾವುಟಕ್ಕೆ ಕೈಮುಗಿದ ನನಗೆ ಯಾವ ಮೇಷ್ಟ್ರೂ ಇದನ್ನು ಹೇಳಿರಲಿಲ್ಲ.

ರಾತ್ರಿ ಮಲಗಿದಲ್ಲಿಂದಲೇ ಮಾವ ಮಾಡಿಗೆ ಟಾರ್ಚ್ ಬಿಟ್ಟರು. ಹೊಗೆ ಹಿಡಿದ ಹಂಚುಗಳ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರು ಎಂಬ ಅಚ್ಚು, ಸಾಲಿಗೆ ಸಾಲು. "ನಮ್ಮ ಹೊಳೆಯ ಮಣ್ಣು" ಎಂದು ಎಣಿಸತೊಡಗಿದರು. ಎಣಿಸುವುದು ಅವರ ಹಳೆ ಚಾಳಿ. ಎಷ್ಟಕ್ಕೆ ನಿದ್ದೆ ಬಂತೋ ಗೊತ್ತಿಲ್ಲ.

ಹೊರಡುವ ದಿನ ಒಣಗಿಸಿದ ಟ್ಯೂನಾ ಮೀನಿನ ಮಾಸ್ ಒಂದು ಕಟ್ಟು, ತೆಂಗಿನಕಾಯಿ ಬೆಲ್ಲದ ಉಂಡೆ ಒಂದು ಡಬ್ಬಿ ಕೊಟ್ಟರು. ದೋಣಿಯವರೆಗೂ ಬಂದ ಅವರು ಸ್ವರ ತಗ್ಗಿಸಿ ಕೇಳಿದರು: "ಮುದಲಾಳಿ, ತಂದೆಯವರ ಲೆಕ್ಕದಲ್ಲಿ ಬಾಕಿ ಏನಾದರೂ ಉಂಟೋ? ಸಾಯುವ ಮೊದಲು ಅದನ್ನೇ ಹೇಳುತ್ತಿದ್ದರು."

"ಏನೂ ಇಲ್ಲ. ಎಲ್ಲ ಚುಕ್ತಾ" ಎಂದರು ಮಾವ.

ದ್ವೀಪ ಕಣ್ಣಿಂದ ಮರೆಯಾದ ಮೇಲೆ, ಲಿಂಬೆಹಣ್ಣನ್ನು ಮೂಗಿನಿಂದ ತೆಗೆಯದೆಯೇ ಅಂದರು: "1987ರದ್ದು. ಎರಡು ಮೂಟೆ ಕುಚ್ಚಲಕ್ಕಿ, ಅರ್ಧ ಮೂಟೆ ಈರುಳ್ಳಿ. ನಿನ್ನ ಅತ್ತೆಗೆ ಹೇಳಬೇಡ."